ಕೊನೆಯ ಮೂರು ಕೆಜಿ ಯಾಕೆ ಇಳಿಯುತ್ತಿಲ್ಲ?

"ಹದಿನೈದು ಕೆಜಿ ಇಳಿಸಿದೆ ಮೇಡಂ. ಇನ್ನು ಮೂರೇ ಕೆಜಿ ಬಾಕಿ. ಜಪ್ಪಯ್ಯ ಅಂದ್ರೂ ಇಳೀತಿಲ್ಲ." ಡಯೆಟಿಷಿಯನ್ ಆಗಿ ನಾನು ಪದೇ ಪದೇ ಕೇಳುವ ಮಾತು ಇದು. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: "ರಾತ್ರಿ ಊಟ ಬಿಟ್ಟುಬಿಡ್ಲಾ?"

ಬೇಡ. ಗುರಿಯ ಹತ್ತಿರ ಬಂದವರು ಊಟವನ್ನು ಇನ್ನಷ್ಟು ಕತ್ತರಿಸುವುದೇ ಮತ್ತೆ ತೂಕ ಏರಲು ದಾರಿ ಮಾಡಿಕೊಡುತ್ತದೆ. ಯಾಕೆ ಅಂತ ಲೆಕ್ಕ ಹಾಕಿಯೇ ಹೇಳುತ್ತೇನೆ.

42 ವರ್ಷದ, 158 ಸೆಂ.ಮೀ. ಎತ್ತರದ ಒಬ್ಬ ಮಹಿಳೆ ಅಂದುಕೊಳ್ಳಿ. ಶುರುವಿನಲ್ಲಿ ತೂಕ 78 ಕೆಜಿ, ಈಗ 63, ಗುರಿ 60. ಸುಮ್ಮನೆ ಮಲಗಿದ್ದರೂ ದೇಹ ಖರ್ಚು ಮಾಡುವ ಶಕ್ತಿಯನ್ನು ಅಂದಾಜು ಮಾಡಲು ನಾವು ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರ ಬಳಸುತ್ತೇವೆ. ಅದರ ಪ್ರಕಾರ 78 ಕೆಜಿ ಇದ್ದಾಗ ಆಕೆಗೆ ದಿನಕ್ಕೆ ಸುಮಾರು 1,400 ಕ್ಯಾಲೊರಿ ಬೇಕಿತ್ತು. ಈಗ ಸುಮಾರು 1,250 ಸಾಕು. ಮನೆಗೆಲಸ, ಓಡಾಟ ಸೇರಿಸಿದರೆ ಆಗ 1,950ರ ಆಸುಪಾಸು, ಈಗ 1,750. ಆಕೆ ಮೊದಲಿನಿಂದಲೂ 1,500 ಕ್ಯಾಲೊರಿ ಊಟ ಮಾಡುತ್ತಿದ್ದರೆ, ದಿನಕ್ಕೆ 450 ಇದ್ದ ಕೊರತೆ ಈಗ 250ಕ್ಕೆ ಇಳಿದಿದೆ. ಇಷ್ಟೇ ಅಲ್ಲ. ತೂಕ ಇಳಿದ ದೇಹ ಸೂತ್ರ ಹೇಳುವುದಕ್ಕಿಂತಲೂ ಒಂದಿಷ್ಟು ಕಡಿಮೆ ಖರ್ಚು ಮಾಡುತ್ತದೆ. ನಮಗೆ ಗೊತ್ತಿಲ್ಲದೇ ಓಡಾಟವೂ ಕಡಿಮೆ ಆಗುತ್ತದೆ. ಕೂತಲ್ಲೇ ಕೂರುತ್ತೇವೆ, ಮೆಟ್ಟಿಲು ಹತ್ತುವ ಬದಲು ಮಗನನ್ನು ಕಳಿಸುತ್ತೇವೆ. ಹೀಗೆ ಕೊನೆಗೆ ಉಳಿಯುವ ಕೊರತೆ 150 ಕ್ಯಾಲೊರಿ ಇರಬಹುದು.

ಒಂದು ಕೆಜಿ ದೇಹದ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ದಿನಕ್ಕೆ 150 ಕ್ಯಾಲೊರಿ ಕೊರತೆ ಇದ್ದರೆ ವಾರಕ್ಕೆ ಇಳಿಯುವುದು ಹೆಚ್ಚೂ ಕಡಿಮೆ 140 ಗ್ರಾಂ. ಶುರುವಿನಲ್ಲಿ ವಾರಕ್ಕೆ 400 ಗ್ರಾಂ ಇಳಿಯುತ್ತಿದ್ದ ದೇಹವೇ ಇದು.

ಈಗ ಇನ್ನೊಂದು ಕಡೆ ನೋಡಿ. ನಮ್ಮ ತೂಕ ನೀರಿನಿಂದಲೇ ದಿನದಿಂದ ದಿನಕ್ಕೆ ಒಂದು ಕೆಜಿ ಏರಿಳಿಯುವುದು ಮಾಮೂಲು. ಮದುವೆ ಊಟ, ಉಪ್ಪಿನಕಾಯಿ, ಹಪ್ಪಳ ತಿಂದ ಮಾರನೇ ದಿನ ಏರುತ್ತದೆ. ಮುಟ್ಟಿನ ಮುಂಚಿನ ವಾರ ಏರುತ್ತದೆ. ಹೊಟ್ಟೆ ಸರಿಯಾಗಿ ಖಾಲಿಯಾಗದಿದ್ದರೆ, ಹೊಸದಾಗಿ ವ್ಯಾಯಾಮ ಶುರು ಮಾಡಿ ಮೈಕೈ ನೋವಿದ್ದರೆ ಕೂಡ ಏರುತ್ತದೆ. ಅನ್ನ, ಸಿಹಿ ಜಾಸ್ತಿ ತಿಂದ ದಿನ ದೇಹ ಗ್ಲೈಕೋಜನ್ (ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ತುಂಬಿಕೊಳ್ಳುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರೂ ಸೇರುತ್ತದೆ. ವಾರದ ಇಳಿಕೆ 140 ಗ್ರಾಂ, ದಿನದ ಏರಿಳಿತ 1,000 ಗ್ರಾಂ. ಯಂತ್ರದ ಮೇಲೆ ನಿಂತರೆ ಇಳಿದದ್ದು ಕಾಣುವುದಾದರೂ ಹೇಗೆ? ಎಷ್ಟೋ ಜನ ನಿಜವಾಗಿ ಇಳಿಯುತ್ತಿರುವಾಗಲೇ "ನಿಂತುಹೋಯ್ತು" ಅಂತ ಬೇಸತ್ತು ಬಿಟ್ಟುಬಿಡುತ್ತಾರೆ. ನನಗೆ ತುಂಬಾ ನೋವು ಕೊಡುವ ವಿಷಯ ಇದು.

ಹಾಗಾಗಿ ಮೊದಲು ನಿಂತಿದೆಯೋ ಇಲ್ಲವೋ ಅಂತ ಖಚಿತ ಮಾಡಿಕೊಳ್ಳಿ. ಬೆಳಿಗ್ಗೆ ಶೌಚಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ ತೂಕ ನೋಡಿ ಬರೆದಿಡಿ. ದಿನದ ಅಂಕಿಗೆ ಬೆಲೆ ಕೊಡಬೇಡಿ, ವಾರದ ಸರಾಸರಿ ತೆಗೆಯಿರಿ. ನಾಲ್ಕು ವಾರದ ಸರಾಸರಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮುಟ್ಟಾಗುವ ಹೆಣ್ಣುಮಕ್ಕಳು ಈ ತಿಂಗಳ ವಾರವನ್ನು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ಜೊತೆಗೆ ದರ್ಜಿಯ ಟೇಪಿನಿಂದ ಸೊಂಟದ ಸುತ್ತಳತೆ ಅಳೆಯಿರಿ. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ನಿಮ್ಮ ಕೆಲಸ ಸರಿಯಾಗೇ ನಡೆದಿದೆ. ದಿನಾ ತೂಕ ನೋಡಿದರೆ ಮನಸ್ಸು ಕೆಡುವವರು ಟೇಪೊಂದನ್ನೇ ಇಟ್ಟುಕೊಂಡರೂ ಸಾಕು.

ನಾಲ್ಕು ವಾರ ಕಳೆದರೂ ಸರಾಸರಿಯೂ ಸೊಂಟವೂ ಅಲ್ಲಾಡಿಲ್ಲ ಅಂದರೆ ನಿಜಕ್ಕೂ ನಿಂತಿದೆ. ಆಗ ಅಡುಗೆಮನೆಗೆ ಹೋಗೋಣ.

ನಾನು ಮೊದಲು ಕೇಳುವುದು ಅನ್ನದ ವಿಷಯ ಅಲ್ಲ. "ತಿಂಗಳಿಗೆ ಎಷ್ಟು ಪ್ಯಾಕೆಟ್ ಎಣ್ಣೆ ಬೇಕು, ಮನೆಯಲ್ಲಿ ಎಷ್ಟು ಜನ?" ಅಂತ ಕೇಳುತ್ತೇನೆ. ಒಂದು ಲೀಟರ್ ಎಣ್ಣೆ ಅಂದರೆ 910 ಗ್ರಾಂ. ತಿಂಗಳಿಗೆ ಒಬ್ಬರಿಗೆ ಒಂದು ಲೀಟರ್ ಆದರೆ ದಿನಕ್ಕೆ 30 ಗ್ರಾಂ, ಸುಮಾರು 270 ಕ್ಯಾಲೊರಿ. ನಮ್ಮಲ್ಲಿ ಪಲ್ಯಕ್ಕೊಂದು ಒಗ್ಗರಣೆ, ಸಾರಿಗೊಂದು, ಚಟ್ನಿಗೊಂದು, ಮೊಸರನ್ನಕ್ಕೂ ಒಂದು. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವಾಗ ಕೈ ಒಂಚೂರು ಬಾಗಿದರೂ ಒಂದು ಚಮಚ ಹೆಚ್ಚು. ಊಟದ ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇರುತ್ತದೆ. ನಮ್ಮ ಉದಾಹರಣೆಯ ಮಹಿಳೆಗೆ ಉಳಿದಿದ್ದ 150ರ ಕೊರತೆಯನ್ನು ಆ ಒಂದು ಚಮಚವೇ ಹೆಚ್ಚೂ ಕಡಿಮೆ ನುಂಗಿಬಿಡುತ್ತದೆ. 78 ಕೆಜಿ ಇದ್ದಾಗ ಇದೇ ಚಮಚ ಲೆಕ್ಕಕ್ಕೇ ಬರುತ್ತಿರಲಿಲ್ಲ, ಯಾಕೆಂದರೆ ಆಗ ಕೊರತೆ ದೊಡ್ಡದಿತ್ತು.

ಕಾಯಿ, ಶೇಂಗಾ ಕೂಡ ಹಾಗೇ. ಎರಡೂ ಒಳ್ಳೆಯ ಆಹಾರ, ಬಿಡಿ ಅಂತ ಹೇಳುವುದಿಲ್ಲ. ಆದರೆ ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲೇ 160ಕ್ಕಿಂತ ಹೆಚ್ಚು ಕ್ಯಾಲೊರಿ. ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಅದರ ಮೇಲೆ ಎಣ್ಣೆ, ಸಂಜೆ ಚುರುಮುರಿಗೆ ಮತ್ತೆ ಶೇಂಗಾ. ಎಲ್ಲಾ ಸೇರಿ ಎಷ್ಟಾಯ್ತು ನೋಡಿ. ಮಗು ತಟ್ಟೆಯಲ್ಲಿ ಬಿಟ್ಟದ್ದು, ದೇವಸ್ಥಾನದ ಪ್ರಸಾದ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಇವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇದು ಸುಳ್ಳು ಹೇಳುವುದಲ್ಲ, ಮನುಷ್ಯರ ನೆನಪೇ ಹಾಗೆ. 1992ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಪರೀಕ್ಷಿಸಿದರು. ಅವರ ದೇಹ ಮಾಡುವ ಖರ್ಚು ಸರಿಯಾಗೇ ಇತ್ತು. ಆದರೆ ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆ ಬರೆದಿದ್ದರು. ಹಾಗಾಗಿ ಒಂದೇ ಒಂದು ವಾರ ತಿಂದದ್ದನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದಿಡಿ, ಎಣ್ಣೆಯನ್ನು ಚಮಚದಲ್ಲೇ ಅಳೆದು ಹಾಕಿ. ಹೆಚ್ಚಿನವರಿಗೆ ಅಷ್ಟರಲ್ಲೇ ದಾರಿ ಕಾಣುತ್ತದೆ.

ಹಸಿವಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದ್ದು ಇದು: ಇಳಿದ ಪ್ರತಿ ಕೆಜಿಗೆ ದೇಹದ ಖರ್ಚು ದಿನಕ್ಕೆ 20–30 ಕ್ಯಾಲೊರಿ ತಗ್ಗಿದರೆ, ಹಸಿವಿನ ಒತ್ತಡ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. "ನನಗೆ ಮನಸ್ಸು ಗಟ್ಟಿ ಇಲ್ಲ" ಅಂತ ಕಣ್ಣೀರು ಹಾಕುವವರಿಗೆ ನಾನು ಇದನ್ನೇ ಹೇಳುವುದು. ಹದಿನೈದು ಕೆಜಿ ಇಳಿಸಿದ ದೇಹ ನಿಮ್ಮನ್ನು ಊಟದ ಕಡೆ ಜೋರಾಗಿ ಎಳೆಯುತ್ತಿದೆ. ಅಂಥ ಹೊತ್ತಲ್ಲಿ ರಾತ್ರಿ ಊಟವನ್ನೂ ಬಿಟ್ಟರೆ ಏನಾಗುತ್ತದೆ? ನಾಲ್ಕು ದಿನ ಬಿಡುತ್ತೀರಿ, ಐದನೇ ದಿನ ಹತ್ತು ಗಂಟೆಗೆ ಬಿಸ್ಕತ್ತಿನ ಡಬ್ಬಿ ತೆರೆಯುತ್ತೀರಿ.

ಅದರ ಬದಲು ತಟ್ಟೆಯಲ್ಲಿರುವುದನ್ನು ಬದಲಾಯಿಸಿ. ಮುದ್ದೆಯೋ ಅನ್ನವೋ ಕಾಲು ಭಾಗ ಕಡಿಮೆ ಮಾಡಿ, ಆ ಜಾಗಕ್ಕೆ ಕಾಳು ಮತ್ತು ತರಕಾರಿ ತನ್ನಿ. ತೂಕ ಇಳಿಸುವ ಹೊತ್ತಿನಲ್ಲಿ ನಾನು ಕೆಜಿಗೆ 1.2 ಗ್ರಾಂ ಪ್ರೋಟೀನ್ ಇಡುತ್ತೇನೆ, 63 ಕೆಜಿಗೆ ಸುಮಾರು 75 ಗ್ರಾಂ. ಬರೀ ಅನ್ನ-ಸಾರಿನಲ್ಲಿ ಅಷ್ಟು ಸಿಗುವುದಿಲ್ಲ. ಗಟ್ಟಿ ಹುರುಳಿಕಾಳು ಸಾರು, ಮೊಳಕೆ ಹೆಸರುಕಾಳು, ಮೊಸರು, ಮೊಟ್ಟೆ, ಮೀನು, ತಿನ್ನದವರಿಗೆ ಸೋಯಾ ಚಂಕ್ಸ್, ಇವುಗಳಲ್ಲಿ ಏನಾದರೂ ಒಂದು ಪ್ರತಿ ಹೊತ್ತಿನ ತಟ್ಟೆಯಲ್ಲೂ ಇರಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ನಡಿಗೆ ಒಂದೇ ಸಾಲದು. ಊಟ ಕಡಿಮೆ ಮಾಡಿದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಅದನ್ನು ಉಳಿಸಿಕೊಳ್ಳಲು ಭಾರದ ಕೆಲಸ ಬೇಕು. ಜಿಮ್ ಇಲ್ಲದಿದ್ದರೆ ನಮ್ಮ ದಂಡ, ಬಸ್ಕಿ ಇದ್ದೇ ಇವೆ. ಮಂಡಿ ನೋವಿರುವವರು ಕುರ್ಚಿಯಿಂದ ಎದ್ದು ಕೂರಬಹುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯಬಹುದು. ವಾರಕ್ಕೆ ಎರಡು ದಿನ ಮಾಡಿ. ಮೊದಲ ಕೆಲವು ವಾರ ಸ್ನಾಯು ನೀರು ಹಿಡಿದು ತೂಕ ಸ್ವಲ್ಪ ಏರಬಹುದು, ಹೆದರಬೇಡಿ.

ತಿಂಗಳುಗಟ್ಟಲೆ ಡಯೆಟ್ ಮಾಡಿ ಸುಸ್ತಾದವರಿಗೆ ನಾನು ಎರಡು ವಾರ ವಿರಾಮ ಕೊಡುತ್ತೇನೆ. ವಿರಾಮ ಅಂದರೆ ಮನಸ್ಸಿಗೆ ಬಂದಂತೆ ತಿನ್ನುವುದಲ್ಲ, ಈಗಿನ ತೂಕ ಉಳಿಯುವಷ್ಟು ತಿನ್ನುವುದು. ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೀಗೆ ಎರಡು ವಾರ ಡಯೆಟ್, ಎರಡು ವಾರ ವಿರಾಮ ಮಾಡಿದ ಗಂಡಸರು ಹೆಚ್ಚು ತೂಕ ಇಳಿಸಿದರು. ನಂತರದ ಎಲ್ಲ ಪ್ರಯೋಗಗಳಲ್ಲೂ ಅದೇ ಫಲ ಬಂದಿಲ್ಲ. ಆದರೂ ವಿರಾಮದ ನಂತರ ಜನ ಹೊಸ ಹುರುಪಿನಿಂದ ಬರುವುದನ್ನು ನೋಡಿದ್ದೇನೆ, ಅದಕ್ಕೇ ಬಿಟ್ಟಿಲ್ಲ.

ಕೂದಲು ತುಂಬಾ ಉದುರುತ್ತಿದ್ದರೆ, ಮುಟ್ಟು ತಪ್ಪಿದ್ದರೆ, ಸದಾ ಚಳಿ, ಸುಸ್ತು ಇದ್ದರೆ ಡಯೆಟ್ ನಿಲ್ಲಿಸಿ ವೈದ್ಯರನ್ನು ನೋಡಿ. ಥೈರಾಯ್ಡ್ ಪರೀಕ್ಷೆ ಆಗಲಿ. ಇನ್ಸುಲಿನ್, ಸ್ಟೀರಾಯ್ಡ್, ಖಿನ್ನತೆಯ ಕೆಲವು ಮಾತ್ರೆಗಳು ತೂಕ ಹೆಚ್ಚಿಸಬಲ್ಲವು. ಅವನ್ನು ನೀವಾಗಿ ಮಾತ್ರ ನಿಲ್ಲಿಸಬೇಡಿ.

ಇಷ್ಟಾದ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ: 60 ಅನ್ನುವ ಅಂಕಿ ಎಲ್ಲಿಂದ ಬಂತು? ಮದುವೆಯಲ್ಲಿ ಅಷ್ಟಿದ್ದೆ, ಅಕ್ಕ ಅಷ್ಟಿದ್ದಾಳೆ, ಅನ್ನುವ ಉತ್ತರಗಳೇ ಜಾಸ್ತಿ. ನಮ್ಮ ದೇಶದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23ರ ಒಳಗಿದ್ದರೆ ಒಳ್ಳೆಯದು, ನಿಜ. ಸೊಂಟ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಬಾರದು ಅಂತಲೂ ಇದೆ. ಆದರೆ 62ರಲ್ಲೇ ಸೊಂಟ 80ರ ಒಳಗೆ ಬಂದು, ಸಕ್ಕರೆ, ಬಿಪಿ ಹತೋಟಿಯಲ್ಲಿದ್ದರೆ ನಾನು ಅಲ್ಲೇ ನಿಲ್ಲಿಸುತ್ತೇನೆ. ಮೂರು ತಿಂಗಳು 62ರಲ್ಲೇ ಇರಿ, ಹಬ್ಬ ಬರಲಿ, ಮದುವೆ ಬರಲಿ, ಆ ತೂಕವನ್ನು ಹಿಡಿದಿಡುವುದನ್ನು ಕಲಿಯಿರಿ. ಉಳಿದ ಎರಡು ಕೆಜಿ ಬೇಕೋ ಬೇಡವೋ ಅಂತ ಆಮೇಲೆ ಕೂತು ಮಾತಾಡೋಣ.