ಖರ್ಚು ಏರಿಸಿದಷ್ಟೂ ಕಂಪನಿಗೆ ಲಾಭವೇ?

ಪ್ರಶ್ನೆ: ಸೇನೆಗೆ ವಿಮಾನ, ಹಡಗು ಮಾಡಿಕೊಡುವ ಖಾಸಗಿ ಕಂಪನಿಗಳಿಗೆ ಅಮೆರಿಕ ಸರ್ಕಾರ 'ಖರ್ಚು ಎಷ್ಟಾದರೂ ಕೊಡ್ತೀವಿ, ಅದರ ಮೇಲೆ ಇಷ್ಟು ಪರ್ಸೆಂಟ್ ಲಾಭ' ಅಂತ ಕರಾರು ಮಾಡಿಕೊಳ್ಳುತ್ತದಂತೆ. ಹಾಗಿದ್ದರೆ ಕಂಪನಿ ಬೇಕಂತಲೇ ಖರ್ಚು ಏರಿಸುವುದಿಲ್ಲವೇ?

ಉತ್ತರ: ಬಂತು ನೋಡಿ ಮತ್ತೆ. ಯಾವುದಾದರೂ ಯುದ್ಧವಿಮಾನದ ಬೆಲೆ ಏರಿದ ಸುದ್ದಿ ಬಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರಲ್ಲಿ ಅರ್ಧ ಜನ ಪ್ರಶ್ನೆ ಕೇಳುತ್ತಿರುವುದೇ ಇಲ್ಲ, ತೀರ್ಪು ಕೊಟ್ಟು 'ಅಲ್ವಾ?' ಅಂತ ಕೊನೆಗೆ ಸೇರಿಸಿರುತ್ತಾರೆ. ಅಲ್ಲ. ಖರ್ಚಿನ ಮೇಲೆ ಪರ್ಸೆಂಟ್ ಲೆಕ್ಕದಲ್ಲಿ ಲಾಭ ಕೊಡುವ ಕರಾರು ಅಲ್ಲಿ ಕಾನೂನುಬಾಹಿರ. ಅದೂ ನಿನ್ನೆ ಮೊನ್ನೆಯಿಂದಲ್ಲ.

ಮೊದಲ ಮಹಾಯುದ್ಧದ ಹೊತ್ತಲ್ಲಿ ಅಂಥ ಕರಾರುಗಳು ಇದ್ದದ್ದು ನಿಜ. ಆಗಿನ ಅನುಭವ ಎಷ್ಟು ಕಹಿಯಾಗಿತ್ತೆಂದರೆ, ಎರಡನೇ ಮಹಾಯುದ್ಧಕ್ಕೆ ಇಳಿದ ಕೂಡಲೇ, 1941ರಲ್ಲಿ ಬಂದ ಯುದ್ಧಾಧಿಕಾರ ಕಾಯ್ದೆಯಲ್ಲೇ ಅದನ್ನು ನಿಷೇಧಿಸಿದರು. ಗಮನಿಸಿ, ಆ ಕಾಯ್ದೆಯ ಉದ್ದೇಶವೇ ಖರೀದಿಯ ನಿಯಮಗಳನ್ನು ಸಡಿಲಿಸಿ ಬೇಗ ಬೇಗ ಕೆಲಸ ಮಾಡಿಸುವುದು. ಉಳಿದ ಎಷ್ಟೋ ಕಟ್ಟುಪಾಡು ಬಿಟ್ಟುಕೊಟ್ಟರೂ ಇದೊಂದನ್ನು ಬಿಡಲಿಲ್ಲ. 1947ರ ಸೇನಾ ಖರೀದಿ ಕಾಯ್ದೆಯಲ್ಲಿ ಮತ್ತೆ ಬರೆದರು. ಇವತ್ತಿಗೂ ಇದೆ.

ಹಾಗಾದರೆ 'ಕಾಸ್ಟ್ ಪ್ಲಸ್', ಅಂದರೆ ಆದ ಖರ್ಚು ಕೊಟ್ಟು ಮೇಲೆ ಲಾಭವನ್ನೂ ಕೊಡುವ ಕರಾರು, ಅನ್ನುವುದೇನು? ಅದೂ ಇದೆ, ಬೇಕಾದಷ್ಟಿದೆ. ಆದರೆ ಆ 'ಪ್ಲಸ್' ಪರ್ಸೆಂಟ್ ಅಲ್ಲ, ಮೊದಲೇ ಬರೆದಿಟ್ಟ ಮೊತ್ತ. ಒಂದು ಲೆಕ್ಕ ಹಾಕೋಣ. ಕೆಲಸಕ್ಕೆ 10 ಕೋಟಿ ಡಾಲರ್ ಖರ್ಚಾಗಬಹುದು ಅಂತ ಅಂದಾಜು. ಲಾಭ 80 ಲಕ್ಷ ಡಾಲರ್ ಅಂತ ಸಹಿ ಹಾಕುವ ದಿನವೇ ನಿಗದಿ. ಅಂದರೆ ಶೇ 8. ಈಗ ಖರ್ಚು 15 ಕೋಟಿಗೆ ಏರಿತು ಅಂದುಕೊಳ್ಳಿ. ಲಾಭ ಎಷ್ಟು? ಅದೇ 80 ಲಕ್ಷ. ಶೇ 8 ಇದ್ದದ್ದು ಶೇ 5.3ಕ್ಕೆ ಇಳಿಯಿತು. ಅಷ್ಟೇ ದುಡ್ಡಿಗೆ ಒಂದೂವರೆ ಪಟ್ಟು ಕೆಲಸ. ಖರ್ಚು ಏರಿಸಿ ದುಡ್ಡು ಮಾಡುವ ದಾರಿಯಾ ಇದು?

ಆ ಮೊತ್ತವನ್ನು ಬಾಯಿಗೆ ಬಂದಷ್ಟು ಬರೆಯಲೂ ಆಗುವುದಿಲ್ಲ. ಸಂಶೋಧನೆಯ ಕೆಲಸವಾದರೆ ಅಂದಾಜು ಖರ್ಚಿನ ಶೇ 15, ಬೇರೆ ಕೆಲಸಕ್ಕೆ ಸಾಮಾನ್ಯವಾಗಿ ಶೇ 10, ಇದು ಕಾನೂನು ಹಾಕಿದ ಮಿತಿ. ಅಂದಾಜಿನ ಮೇಲೆ ಲೆಕ್ಕ, ಕೊನೆಗೆ ಬಂದ ಬಿಲ್ಲಿನ ಮೇಲಲ್ಲ. ಈ ವ್ಯತ್ಯಾಸ ಹಿಡಿದರೆ ಮುಕ್ಕಾಲು ಪಾಲು ವಿಷಯ ತಿಳಿದ ಹಾಗೆ.

'ಖರ್ಚು ಎಷ್ಟಾದರೂ ಕೊಡ್ತೀವಿ' ಅನ್ನುವ ಮೊದಲ ಅರ್ಧವೂ ಪೂರ್ತಿ ಸರಿಯಿಲ್ಲ. ಖರ್ಚು ಇನ್ನು 60 ದಿನದಲ್ಲಿ ಅಂದಾಜಿನ ಮುಕ್ಕಾಲು ಭಾಗ ದಾಟುತ್ತದೆ ಅಂತ ಕಂಡರೆ ಕಂಪನಿ ಅದನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕು. ಅಂದಾಜು ಮುಗಿದ ಮೇಲೆ ದುಡ್ಡು ಹಾಕಲೇಬೇಕೆಂಬ ಹಂಗು ಸರ್ಕಾರಕ್ಕಿಲ್ಲ. ಕೆಲಸ ಮುಂದುವರಿಸಬೇಕೆಂಬ ಹಂಗು ಕಂಪನಿಗೂ ಇಲ್ಲ. ಇಬ್ಬರೂ ಕೂತು ಮಾತಾಡಬೇಕು.

ಇನ್ನು ಖರ್ಚು ಅಂದರೆ ಯಾವುದು? ಮದ್ಯದ ಬಿಲ್ ಹಾಕುವ ಹಾಗಿಲ್ಲ. ಮನರಂಜನೆ ಇಲ್ಲ. ಸಂಸದರ ಹಿಂದೆ ಓಡಾಡುವ ಲಾಬಿಯ ಖರ್ಚೂ ಇಲ್ಲ. ಇವನ್ನೆಲ್ಲ ನೋಡಿಕೊಳ್ಳುವುದಕ್ಕೇ 1965ರಿಂದ ಒಂದು ಪ್ರತ್ಯೇಕ ರಕ್ಷಣಾ ಲೆಕ್ಕ ತಪಾಸಣಾ ಸಂಸ್ಥೆ ಇದೆ. ಅದರ ಆಡಿಟರ್ ಹೇಳದೆ ಕೇಳದೆ ಕಂಪನಿಯ ಒಳಗೆ ಬಂದು ಒಬ್ಬ ಎಂಜಿನಿಯರ್ ಮೇಜಿನ ಮುಂದೆ ನಿಲ್ಲಬಹುದು. 'ಈಗ ಯಾವ ಕೆಲಸ ಮಾಡುತ್ತಿದ್ದೀರಿ?' ಅಂತ ಕೇಳಬಹುದು. ಆಮೇಲೆ ಆ ಎಂಜಿನಿಯರ್ ದಿನದಿನವೂ ತುಂಬುವ ಟೈಮ್‌ಶೀಟ್ ತೆಗೆದು, ಹೇಳಿದ್ದಕ್ಕೂ ಬರೆದದ್ದಕ್ಕೂ ತಾಳೆ ನೋಡುತ್ತಾರೆ. ಒಂದು ಯೋಜನೆಯ ಕೆಲಸ ಮಾಡುತ್ತಾ ಇನ್ನೊಂದು ಯೋಜನೆಯ ಲೆಕ್ಕಕ್ಕೆ ಗಂಟೆ ಬರೆದರೆ ಅದು ಸಣ್ಣ ತಪ್ಪಲ್ಲ, ವಂಚನೆಯ ಕೇಸೇ ಆಗಬಹುದು.

ಹಾಗಂತ ಕಂಪನಿಗಳು ಸಾಧುಗಳು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಮೂಗಿಗೆ ವಾಸನೆ ಬಡಿದಿರುವುದು ಸರಿಯೇ, ಹುಡುಕುತ್ತಿರುವ ಜಾಗ ಮಾತ್ರ ತಪ್ಪು. ಕಾಸ್ಟ್ ಪ್ಲಸ್‌ನಲ್ಲಿ ಕಂಪನಿಗೆ ಲಾಭ ಬೆಳೆಯದಿದ್ದರೂ ನಷ್ಟದ ಭಯ ಇಲ್ಲ. ಕೆಲಸ ಎಳೆದಷ್ಟು ದಿನ ಅದರ ಎಂಜಿನಿಯರ್‌ಗಳ ಸಂಬಳ ಸರ್ಕಾರದ ಲೆಕ್ಕಕ್ಕೆ. ಸರ್ಕಾರವೇ ನಡುವೆ 'ಇದನ್ನೂ ಸೇರಿಸಿ, ಅದನ್ನು ಬದಲಿಸಿ' ಅಂದರೆ ಲಾಭದ ಮೊತ್ತವನ್ನೂ ಹೊಸದಾಗಿ ಚೌಕಾಸಿ ಮಾಡಬಹುದು. ಸೇನೆಗಳು ಹಾಗೆ ಹೇಳದೆ ಇರುವುದು ಅಪರೂಪ. ಮತ್ತೆ, ಮುಂದಿನ ಕರಾರಿನ ಅಂದಾಜು ಹುಟ್ಟುವುದೇ ಈ ಕರಾರಿನ ನಿಜ ಖರ್ಚಿನಿಂದ. ಅಂದಾಜು ದೊಡ್ಡದಾದರೆ ಅದರ ಮೇಲಿನ ಲಾಭವೂ ದೊಡ್ಡದು. ಸೋರಿಕೆ ಇರುವುದು ಅಲ್ಲಿ.

'ಹಾಗಿದ್ದರೆ ಎಲ್ಲಕ್ಕೂ ಒಂದೇ ಬೆಲೆ ಕಟ್ಟಿ, ಅದಕ್ಕಿಂತ ಒಂದು ಕಾಸೂ ಕೊಡಲ್ಲ ಅಂದರಾಯ್ತು' ಅನ್ನುವವರಿಗೆ ಎರಡು ಕಥೆ.

ಒಂದು, ಎ-12. ಅಮೆರಿಕದ ನೌಕಾಪಡೆಗಾಗಿ ಹಡಗಿನ ಮೇಲಿಂದ ಹಾರುವ ಸ್ಟೆಲ್ತ್ ವಿಮಾನ, ಅಂದರೆ ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದಂಥದ್ದು. 1988ರಲ್ಲಿ ಮೆಕ್‌ಡೊನೆಲ್ ಡಗ್ಲಸ್ ಮತ್ತು ಜನರಲ್ ಡೈನಾಮಿಕ್ಸ್ ಜೊತೆ ಮಿತಿ ಕಟ್ಟಿದ ಬೆಲೆಗೆ ಕರಾರು. ಅಂಥ ವಿಮಾನವನ್ನು ಅಷ್ಟು ಹಗುರವಾಗಿ, ಅಷ್ಟು ದುಡ್ಡಲ್ಲಿ ಮಾಡಲಾಗದು ಅಂತ ಮಾಡಲು ಹೋದಾಗ ಗೊತ್ತಾಯಿತು. 1991ರ ಜನವರಿಯಲ್ಲಿ ರಕ್ಷಣಾ ಕಾರ್ಯದರ್ಶಿ ಡಿಕ್ ಚೇನಿ ರದ್ದು ಮಾಡಿದರು. ಒಂದು ವಿಮಾನವೂ ಹಾರಲಿಲ್ಲ. ಕೋರ್ಟಿನ ಜಗಳ ಮಾತ್ರ 2014ರ ತನಕ ಹಾರಾಡಿತು. ಕೊನೆಗೆ ಎರಡೂ ಕಂಪನಿಗಳು ಸರ್ಕಾರಕ್ಕೆ ತಲಾ 20 ಕೋಟಿ ಡಾಲರ್ ಮೌಲ್ಯದ್ದು ಕೊಡುವಂತೆ ರಾಜಿ. ಅಷ್ಟರಲ್ಲಿ ಮೆಕ್‌ಡೊನೆಲ್ ಡಗ್ಲಸ್ ಬೋಯಿಂಗ್ ಪಾಲಾಗಿತ್ತು. ಬೋಯಿಂಗ್ ನಗದಿನ ಬದಲು ಮೂರು ಗ್ರೌಲರ್ ವಿಮಾನ ಕೊಟ್ಟು ಕೈತೊಳೆದುಕೊಂಡಿತು!

ಇನ್ನೊಂದು, ಆಕಾಶದಲ್ಲೇ ಇಂಧನ ತುಂಬುವ ಕೆಸಿ-46. 2011ರಲ್ಲಿ ಬೋಯಿಂಗ್ ಜೊತೆ ಕರಾರು. ವಿನ್ಯಾಸ, ಪರೀಕ್ಷೆಗೆ ಸರ್ಕಾರದ ಪಾಲು 490 ಕೋಟಿ ಡಾಲರ್, ಅದರಾಚೆ ಎಲ್ಲ ಕಂಪನಿಯ ತಲೆಗೆ. ಬೋಯಿಂಗ್ ಕಳೆದುಕೊಂಡದ್ದು 700 ಕೋಟಿ ಡಾಲರ್‌ಗೂ ಜಾಸ್ತಿ. ತೆರಿಗೆದಾರರ ದುಡ್ಡು ಉಳಿಯಿತು, ಒಪ್ಪೋಣ. ಆದರೆ ಮೊದಲ ವಿಮಾನ ವಾಯುಪಡೆಯ ಕೈ ಸೇರಿದ್ದು 2019ರಲ್ಲಿ, ಅದೂ ದೋಷಗಳ ಸಮೇತ. ಸೈನಿಕರಿಗೆ ಬೇಕಿದ್ದದ್ದು ವಿಮಾನ, ಕಂಪನಿಯ ನಷ್ಟದ ವರದಿಯಲ್ಲ.

ಆದ್ದರಿಂದ ಮಾಡಿ ಗೊತ್ತಿರುವ ವಸ್ತುವಿಗೆ ಒಂದೇ ಬೆಲೆ, ಯಾರೂ ಮಾಡಿರದ ವಸ್ತುವಿಗೆ ಕಾಸ್ಟ್ ಪ್ಲಸ್. ಇಷ್ಟೇ ತತ್ವ. ಸೇವೆಗಳಲ್ಲೂ ಹೀಗೆಯೇ. ಇರಾಕಿನಲ್ಲಿ ಅಮೆರಿಕದ ಸೈನಿಕರಿಗೆ ಅಡುಗೆ ಮಾಡಿ ಬಡಿಸಿದ್ದು ಖಾಸಗಿ ಗುತ್ತಿಗೆದಾರರು. ನಾಳೆ ಶಿಬಿರದಲ್ಲಿ ಎಷ್ಟು ಜನ ಇರುತ್ತಾರೆ ಅಂತ ಸೇನೆಗೇ ಗೊತ್ತಿಲ್ಲದಿರುವಾಗ ಬೆಲೆ ಕಟ್ಟುವುದು ಹೇಗೆ? ಬಿಲ್ಲಿನಲ್ಲಿದ್ದ ಊಟ ಎಷ್ಟು, ನಿಜವಾಗಿ ಬಡಿಸಿದ್ದು ಎಷ್ಟು ಎಂಬುದು ಆಮೇಲೆ ದೊಡ್ಡ ತಕರಾರೇ ಆಯಿತು.

ಈಗ ನೀವು ಕೇಳದೆ ಇದ್ದ, ಕೇಳಬೇಕಿದ್ದ ಪ್ರಶ್ನೆಗೆ ಬರುತ್ತೇನೆ. ವಿಮಾನ ಕೊಂಡ ಮೇಲೆ ಅದರ ನಕ್ಷೆ ಯಾರದ್ದು?

ವಿಮಾನದ ಜೊತೆ ನಕ್ಷೆ, ರಿಪೇರಿಗೆ ಬೇಕಾದ ತಾಂತ್ರಿಕ ಮಾಹಿತಿ ತಾನಾಗಿ ಬರುವುದಿಲ್ಲ. ಬೇಕಾದರೆ ಅದನ್ನೂ ಕರಾರಿನಲ್ಲಿ ಕೊಳ್ಳಬೇಕು. ಕೊಳ್ಳದಿದ್ದರೆ ಬಿಡಿಭಾಗಕ್ಕೂ ರಿಪೇರಿಗೂ ವಿಮಾನ ಬದುಕಿರುವಷ್ಟು ವರ್ಷ ಅದೇ ಕಂಪನಿಯ ಬಾಗಿಲಿಗೆ ಹೋಗಬೇಕು. ಎಫ್-35 ವಿಷಯದಲ್ಲಿ ಆದದ್ದು ಇದೇ. 2023ರ ಮಾರ್ಚ್‌ನಲ್ಲಿ ಆ ವಿಮಾನಗಳು ಕೆಲಸಕ್ಕೆ ಸಿದ್ಧವಿದ್ದದ್ದು ಶೇ 55ರಷ್ಟು ಹೊತ್ತು ಮಾತ್ರ ಅಂತ ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಹೇಳಿತು. ಸ್ವಂತವಾಗಿ ರಿಪೇರಿ ಮಾಡಲು ಬೇಕಾದ ತಾಂತ್ರಿಕ ಮಾಹಿತಿ ಸೇನೆಯ ಕೈಯಲ್ಲಿ ಇಲ್ಲದಿರುವುದನ್ನೂ ಅದರ ಕಾರಣಗಳಲ್ಲಿ ಒಂದಾಗಿ ಹೆಸರಿಸಿತು. ನಕ್ಷೆ ಕೊಳ್ಳಲು ಒಳ್ಳೆಯ ಸಮಯ ಅಂದರೆ ಇನ್ನೂ ಎರಡು ಮೂರು ಕಂಪನಿಗಳು ಪೈಪೋಟಿಯಲ್ಲಿರುವಾಗ. ಒಬ್ಬನನ್ನು ಆರಿಸಿದ ಮೇಲೆ ಅವನು ಹೇಳಿದ್ದೇ ಬೆಲೆ.

ಒಬ್ಬನೇ ಮಾರುವವನಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಟ್ರಾನ್ಸ್‌ಡೈಮ್ ಎಂಬ ಕಂಪನಿಯನ್ನು ನೋಡಿ. ವಿಮಾನದ ಬಿಡಿಭಾಗಗಳ ವ್ಯಾಪಾರ. 2019ರಲ್ಲಿ ಪೆಂಟಗನ್ನಿನ (ಅಮೆರಿಕ ರಕ್ಷಣಾ ಇಲಾಖೆಯ) ಒಳತಪಾಸಣೆ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಜನರಲ್ ಅದರ 47 ಬಿಡಿಭಾಗಗಳನ್ನು ಪರಿಶೀಲಿಸಿದಾಗ 46ರಲ್ಲಿ ಅತಿಯಾದ ಲಾಭ ಕಂಡಿತು. ಒಂದರಲ್ಲಂತೂ ಶೇ 4,451! ಇದು ಕಾಸ್ಟ್ ಪ್ಲಸ್ ಕರಾರಲ್ಲ. ಜನ ಹೊಗಳುವ ಅದೇ ಒಂದೇ ಬೆಲೆಯ ವ್ಯಾಪಾರ. ದೊಡ್ಡ ಮೊತ್ತದ ಕರಾರಾದರೆ ಕಂಪನಿ ತನ್ನ ಖರ್ಚಿನ ಲೆಕ್ಕ ತೋರಿಸಬೇಕು ಅಂತ 1962ರ ಕಾನೂನಿದೆ. ಆದರೆ ಇವು ಹೆಚ್ಚಿನವು ಆ ಮಿತಿಗಿಂತ ಕೆಳಗಿನ ಸಣ್ಣ ಸಣ್ಣ ಖರೀದಿಗಳು. ಲೆಕ್ಕ ತೋರಿಸಿ ಅಂತ ಒತ್ತಾಯಿಸುವಂತಿರಲಿಲ್ಲ. ಹೆಚ್ಚುವರಿ ಅಂತ ಗುರುತಿಸಿದ 1.61 ಕೋಟಿ ಡಾಲರ್ ಅನ್ನು ಸಂಸತ್ತಿನಲ್ಲಿ ಬೈಸಿಕೊಂಡ ಮೇಲೆ ಕಂಪನಿ ವಾಪಸ್ ಕೊಡಲು ಒಪ್ಪಿತು. ಕೊಡಲೇಬೇಕು ಅಂತ ಯಾವ ಕಾನೂನೂ ಹೇಳಿರಲಿಲ್ಲ.