ಇಎಂಐ ಏರಲಿಲ್ಲ ಅಂತ ಖುಷಿಪಡಬೇಡಿ

ಬಡ್ಡಿ ಏರಿದರೆ ಫ್ಲಾಟಿನ ರೇಟು ಇಳಿಯುತ್ತದೆ, ಆಗ ತಗೊಂಡರಾಯ್ತು ಎಂದು ಕಾದು ಕೂರುವವರು ನಮ್ಮ ಡೊಂಬಿವಲಿ, ಮುಲುಂಡ್ ಕನ್ನಡಿಗರಲ್ಲಿ ಬಹಳ ಮಂದಿ. ಗೃಹಸಾಲದ ಫೈಲು ನೋಡುವುದೇ ನನ್ನ ಕಸುಬು. ಮುಂಬೈಯಲ್ಲಿ ಆ ಲೆಕ್ಕ ನಡೆಯುವುದು ಕಷ್ಟ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಶೇ. 4ರಿಂದ 6.5ಕ್ಕೆ ಒಯ್ದಿತು. ಗೃಹಸಾಲದ ಬಡ್ಡಿಯೂ ಅದರ ಹಿಂದೆಯೇ ಏರಿತು. ಅದೇ 2022ರಲ್ಲಿ ಮುಂಬೈ ನಗರದಲ್ಲಿ ಸುಮಾರು 1.2 ಲಕ್ಷ ಆಸ್ತಿ ನೋಂದಣಿಯಾಯಿತು. ಹಿಂದಿನ ವರ್ಷಕ್ಕಿಂತ ಜಾಸ್ತಿ! ಕೊಳ್ಳುವವರು ಕಡಿಮೆಯಾಗದಿದ್ದರೆ ರೇಟು ಇಳಿಯುವುದೆಲ್ಲಿಂದ?

ಕೈಯಲ್ಲಿ ದುಡ್ಡಿದ್ದವರು, ಹಳೇ ಮನೆ ಮಾರಿ ದೊಡ್ಡದಕ್ಕೆ ಹೋಗುವವರು ಬಡ್ಡಿಗೆ ಅಷ್ಟಾಗಿ ಹೆದರುವುದಿಲ್ಲ. ಪೆಟ್ಟು ಬೀಳುವುದು ಸಂಬಳ ನಂಬಿ ಒನ್ ಬಿಎಚ್‌ಕೆ ಹುಡುಕುವವರಿಗೆ. ಶೇ. 6.5ರಲ್ಲಿ 20 ವರ್ಷಕ್ಕೆ 50 ಲಕ್ಷ ಸಾಲ ಎಂದರೆ ಇಎಂಐ (ತಿಂಗಳ ಕಂತು) ಸುಮಾರು 37,300 ರೂಪಾಯಿ. ಬಡ್ಡಿ ಶೇ. 9 ಆದಾಗ ಅದೇ ಇಎಂಐಗೆ ಸಿಗುವ ಸಾಲ 41.4 ಲಕ್ಷ ಮಾತ್ರ. ಉಳಿದ ಎಂಟೂವರೆ ಲಕ್ಷ ಎಲ್ಲಿಂದ ತರುವುದು? ಸ್ಟ್ಯಾಂಪ್ ಡ್ಯೂಟಿ ಹೇಗೂ ಕೈಯಿಂದಲೇ ಹೋಗಬೇಕು. ಹಾಗಾಗಿ ಮುಲುಂಡ್ ನೋಡಿದವರು ಠಾಣೆಗೆ, ಠಾಣೆ ನೋಡಿದವರು ಇನ್ನೂ ದೂರದ ಬದ್ಲಾಪುರಕ್ಕೆ ಸರಿಯುತ್ತಾರೆ.

ಈಗಾಗಲೇ ಸಾಲ ಇರುವವರ ಕಥೆ ಬೇರೆ. "ನಮ್ಮ ಇಎಂಐ ಏರಲೇ ಇಲ್ಲ ಮಾರಾಯ್ರೆ" ಎನ್ನುತ್ತಾರೆ. ಏರದಿದ್ದರೇ ಅನುಮಾನ ಪಡಬೇಕು. ಬ್ಯಾಂಕು ಸುಮ್ನೆ ಅವಧಿ ಎಳೆದಿರುತ್ತದೆ. ಮೇಲಿನ 50 ಲಕ್ಷವನ್ನೇ ನೋಡಿ. ಒಂದು ವರ್ಷ ಕಟ್ಟಿದ ಮೇಲೆ 48.7 ಲಕ್ಷ ಬಾಕಿ ಇರುತ್ತದೆ. ಆಗ ಬಡ್ಡಿ ಶೇ. 9 ಆಯಿತು ಎನ್ನಿ. ತಿಂಗಳ ಬಡ್ಡಿಯೇ 36,500 ದಾಟುತ್ತದೆ. ಅಸಲಿಗೆ ಹೋಗುವುದು 700 ರೂಪಾಯಿ ಚಿಲ್ಲರೆ! ಹಳೇ ಇಎಂಐಯಲ್ಲೇ ಮುಂದುವರಿದರೆ ಸಾಲ ತೀರಲು ಇನ್ನೂ ಸುಮಾರು 44 ವರ್ಷ. ನಿವೃತ್ತಿ ವಯಸ್ಸು ನೋಡಿ ಯಾವ ಬ್ಯಾಂಕೂ ಅಷ್ಟು ಎಳೆಯುವುದಿಲ್ಲ, ನಿಜ. ಆದರೆ 20 ವರ್ಷದ್ದು 28, 30 ಆಗುವುದಕ್ಕೆ ಅಡ್ಡಿಯೇನಿಲ್ಲ ಅಲ್ವಾ?

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೊಂದು ನಿಯಮ ತಂದಿತು. ದರ ಬದಲಾದಾಗ ಇಎಂಐ ಏರಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂಬ ಆಯ್ಕೆ ಸಾಲಗಾರನಿಗೆ ಸಿಗಬೇಕು. ಕೇಳುವವರು ಕಡಿಮೆ. ಸಂಬಳ ಏರಿದ್ದರೆ ಇಎಂಐ ಏರಿಸಿ ಎಂದೇ ನಾನು ಹೇಳುವುದು. ಹಾಗೇ ನಿಮ್ಮ ಸಾಲಕ್ಕೆ ರೆಪೊ ಮೇಲೆ ಎಷ್ಟು ಸ್ಪ್ರೆಡ್, ಅಂದರೆ ಬ್ಯಾಂಕು ಸೇರಿಸುವ ಹೆಚ್ಚುವರಿ ಬಡ್ಡಿ, ಹಾಕಿದ್ದಾರೆ ನೋಡಿ. ಹೊಸ ಗಿರಾಕಿಗೆ ಕಡಿಮೆ, ಹಳಬರಿಗೆ ಜಾಸ್ತಿ ಇರುವುದುಂಟು. ಸಣ್ಣ ಶುಲ್ಕ ಕಟ್ಟಿದರೆ ಅದನ್ನು ಇಳಿಸಿಕೊಡುವ ಬ್ಯಾಂಕುಗಳಿವೆ.

ಇನ್ನು ಊರ ಕಡೆ ಜಾಗ ಮಾರಿದ ದುಡ್ಡನ್ನು ಎಫ್‌ಡಿಯಲ್ಲಿಟ್ಟು, ಇಲ್ಲಿ ಶೇ. 9ರ ಸಾಲ ಕಟ್ಟುತ್ತಾ ಕೂತವರು. ಎಫ್‌ಡಿ ಬಡ್ಡಿಗೆ ತೆರಿಗೆಯೂ ಉಂಟು. ಕಷ್ಟಕಾಲಕ್ಕೆ ಆರು ತಿಂಗಳ ಖರ್ಚು ಇಟ್ಟುಕೊಂಡು ಉಳಿದದ್ದನ್ನು ಅಸಲಿಗೆ ಹಾಕಿ. ಸ್ವಂತ ಹೆಸರಿನ ಫ್ಲೋಟಿಂಗ್ ದರದ (ಬಡ್ಡಿ ಏರಿಳಿಯುವ) ಗೃಹಸಾಲವನ್ನು ಮುಂಚೆಯೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.