ಉಪ್ಪುಗಾಳಿಯೂರಿನಲ್ಲಿ ಒಂದು ವಾಲ್ವ್ ಆಂಪ್ಲಿಫೈಯರ್

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ವಾಲ್ವ್ ಆಂಪ್ಲಿಫೈಯರ್ ಗುಂಡಿ ಒತ್ತಿದ ಕೂಡಲೇ ಹಾಡುವುದಿಲ್ಲ. ವಾಲ್ವ್ ಎಂಬ ಗಾಜಿನ ಕೊಳವೆಗಳೊಳಗೆ ಮೊದಲು ಮಂಕು ಕೆಂಪು ಮೂಡಿ, ಅರ್ಧ ನಿಮಿಷವಾಗುತ್ತ ಬಂದಾಗ ತಂಬೂರಿಯ ದನಿ ಒಳಕೋಣೆಯಿಂದ ಬಂದಂತೆ ಮೆಲ್ಲನೆ ಏಳುತ್ತದೆ. ಒಳಗಿರುವ ಕ್ಯಾಥೋಡ್ ಎಂಬ ಲೋಹದ ಭಾಗಕ್ಕೆ ಬಳಿದ ಬೇರಿಯಂ ಮತ್ತು ಸ್ಟ್ರಾನ್ಷಿಯಂ ಆಕ್ಸೈಡಿನ ಲೇಪ ಏಳುನೂರು ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾದ ಬಳಿಕವೇ ಎಲೆಕ್ಟ್ರಾನುಗಳು ನಿರ್ವಾತಕ್ಕೆ ಚಿಮ್ಮುತ್ತವೆ. ಎದುರಿಗಿರುವ ನೂರಾರು ವೋಲ್ಟಿನ ಲೋಹದ ತಗಡು, ಅಂದರೆ ಆನೋಡ್, ಅವನ್ನು ಸೆಳೆಯುತ್ತದೆ. ನಡುವೆ ನಿಂತ ಗ್ರಿಡ್ ಎಂಬ ತಂತಿಯ ಜಾಲರಿ, ತನಗೆ ತಲುಪಿದ ಪುಟ್ಟ ಸಂಕೇತಕ್ಕೆ ತಕ್ಕಂತೆ ಆ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಲೀ ಡಿ ಫಾರೆಸ್ಟ್ 1906ರಲ್ಲಿ ಈ ಜಾಲರಿಯನ್ನು ಸೇರಿಸಿದ ಮೇಲೆ ತತ್ತ್ವ ಹೆಚ್ಚೇನೂ ಬದಲಾಗಿಲ್ಲ.

ನನ್ನದು ಪ್ರತಿ ಬದಿಗೆ ಇಎಲ್ 84 ಮಾದರಿಯ ಒಂದೇ ವಾಲ್ವ್ ಇರುವ ಸಾದಾ, ಅಗ್ಗದ ಯಂತ್ರ. 250 ವೋಲ್ಟಿನಲ್ಲಿ 48 ಮಿಲಿ ಆಂಪಿಯರ್, ಅಂದರೆ 12 ವಾಟ್ ವಿದ್ಯುತ್ತನ್ನು ಹಾಡಿದರೂ ಹಾಡದಿದ್ದರೂ ಒಂದೇ ಸಮನೆ ಕುಡಿಯುವ ಈ ವಾಲ್ವ್ ಸ್ಪೀಕರಿಗೆ ಕೊಡುವುದು ಹೆಚ್ಚೆಂದರೆ 5 ಚಿಲ್ಲರೆ ವಾಟ್; ಉಳಿದದ್ದು ಕಾವು. ಹಾಗಿದ್ದೂ ಕಿವಿಗೆ ಅದು ಹಿತವಾಗುವುದೇಕೆ ಎಂಬುದರ ಉತ್ತರ ನನ್ನಂಥವರಿಗೆ ತುಸು ಮುಜುಗರದ್ದು: ಅದು ದನಿಯನ್ನು ಕೆಡಿಸುತ್ತದೆ, ಆದರೆ ಶ್ರುತಿ ಬಿಡದೆ ಕೆಡಿಸುತ್ತದೆ. ಗಾಯಕನ ಷಡ್ಜ 240 ಹರ್ಟ್ಸ್ ಎಂದಿಟ್ಟುಕೊಳ್ಳೋಣ. ವಾಲ್ವ್ ತಾನಾಗಿ ಬೆರೆಸುವ ಇಮ್ಮಡಿ ಕಂಪನ 480 ಹರ್ಟ್ಸ್, ಅದು ತಾರ ಷಡ್ಜವೇ. ಮುಮ್ಮಡಿಯಾದ 720 ಅದರ ಮೇಲಿನ ಪಂಚಮ. ತಂಬೂರಿಯ ತಂತಿಯಲ್ಲಿ ಮೊದಲೇ ಇರುವ ಈ ಸ್ವರಗಳು ಇನ್ನಷ್ಟು ತುಂಬಿಕೊಂಡಾಗ ದನಿ ಮಾಗಿದಂತೆ ಕೇಳುತ್ತದೆ. ಆದರೆ ಯಕ್ಷಗಾನದಲ್ಲಿ ಭಾಗವತರ ಪದ, ಮದ್ದಳೆ, ಚಂಡೆಗಳೆಲ್ಲ ಒಟ್ಟಿಗೆ ಮೊಳಗಿದರೆ ಕಂಪನಗಳು ಪರಸ್ಪರ ಬೆರೆತು ಯಾವ ಸ್ವರಕ್ಕೂ ಸೇರದ ಹೊಸ ಸದ್ದುಗಳು ಹುಟ್ಟುತ್ತವೆ. ಶಿರಸಿ ಕಡೆಯ ಆಟವೊಂದರ ಧ್ವನಿಮುದ್ರಣವನ್ನು ಇದರಲ್ಲಿ ಜೋರಾಗಿ ಹಾಕಿದಾಗ ಚಂಡೆಯ ಪೆಟ್ಟು ಮೊಂಡಾಗಿತ್ತು.

ಅದಕ್ಕೆ ಮದ್ದು ದುಬಾರಿ ವಾಲ್ವಲ್ಲ, ಸ್ಪೀಕರ್. ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುವ ಸ್ಪೀಕರಿನ ಜಾಗದಲ್ಲಿ 92 ಕೊಡುವುದನ್ನು ಇಟ್ಟರೆ 5 ವಾಟ್ 20 ವಾಟಿನ ಕೆಲಸ ಮಾಡುತ್ತದೆ, ವಾಲ್ವನ್ನು ಮಿತಿಮೀರಿ ದುಡಿಸಬೇಕಾಗಿಲ್ಲ. ಅದರ ನಂತರ ನೋಡಬೇಕಾದದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವಿಗೆ ಬೇಕಾದ ಸುಮಾರು 5000 ಓಮ್ ತಡೆಯ ಹೊರೆಗೂ ಸ್ಪೀಕರಿನ 8 ಓಮಿಗೂ 25ಕ್ಕೆ 1ರ ಅನುಪಾತದ ತಂತಿಸುತ್ತುಗಳಿಂದ ಹೊಂದಾಣಿಕೆ ಮಾಡುವ ಇದರ ಕಬ್ಬಿಣದಲ್ಲಿ ಜಿಪುಣತನ ಮಾಡಿದರೆ ಮಂದ್ರ ಸ್ವರಗಳು ಸೊರಗುತ್ತವೆ. ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರುಗಳನ್ನೂ ಬದಲಿಸಿ ನೋಡಿದ್ದೇನೆ. ವ್ಯತ್ಯಾಸ ಕೇಳಿಸಿತೆಂದು ಆಣೆ ಮಾಡಿ ಹೇಳಲಾರೆ.

ಹೋದ ಆಷಾಢದಲ್ಲಿ ಎಡಗಡೆಯ ಸ್ಪೀಕರ್ ಒಗ್ಗರಣೆಯ ಸಾಸಿವೆಯಂತೆ ಚಟಚಟಿಸತೊಡಗಿತು. ವಾಲ್ವ್ ಸತ್ತಿತೆಂದು ತಿಳಿದು, ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲಕ್ಕೆ ತಯಾರಿಸುತ್ತಿದ್ದ ಇಎಲ್ 84 ಜೋಡಿಯೊಂದನ್ನು ಹುಡುಕಿ ತರಿಸಿ ಹಾಕಿದೆ. ಎರಡು ದಿನ ಸುಮ್ಮನಿದ್ದು ಮತ್ತೆ ಅದೇ ರಾಗ. ಎಡಬಲದ ವಾಲ್ವುಗಳನ್ನು ಅದಲುಬದಲು ಮಾಡಿದರೂ ಸದ್ದು ಎಡದಲ್ಲೇ ಉಳಿದಾಗ, ದುಡ್ಡು ಕೊಡುವ ಮೊದಲೇ ಈ ಪರೀಕ್ಷೆ ಮಾಡಬಹುದಿತ್ತಲ್ಲ ಎಂದು ನಾಚಿಕೆಯಾಯಿತು. ಪ್ಲಗ್ ಕಿತ್ತು, ಕೆಪಾಸಿಟರುಗಳಲ್ಲಿ ಉಳಿದಿರುವ, ಜೀವ ತೆಗೆಯಬಲ್ಲ ವೋಲ್ಟೇಜನ್ನು ರೆಸಿಸ್ಟರಿನ ಮೂಲಕ ಇಳಿಸಿ, ಟಾರ್ಚ್ ಹಿಡಿದು ನೋಡಿದೆ: ಸಾಕೆಟ್ಟಿನ ಒಂಬತ್ತು ತೂತುಗಳ ಪೈಕಿ ಎರಡರಲ್ಲಿ, ವಾಲ್ವಿನ ಪಿನ್ನು ಹಿಡಿಯುವ ಲೋಹದ ಹಿಡಿಕೆಗೆ ಹಸಿರು ಕಿಲುಬು. ಕಡಲಗಾಳಿ ತಂದ ಉಪ್ಪು ತೇವ ಹೀರಿ ತಾಮ್ರದ ಮಿಶ್ರಲೋಹವನ್ನು ತಿಂದಿತ್ತು. ಹೊಸ ವಾಲ್ವ್ ತೂರಿಸುವಾಗ ಅದರ ಪಿನ್ನು ಕಿಲುಬನ್ನು ಕೊಂಚ ಕೆರೆದದ್ದರಿಂದಲೇ ಆ ಎರಡು ದಿನದ ಮೌನ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಸಣ್ಣ ಬ್ರಷ್ಷಿನಿಂದ ಉಜ್ಜಿ, ಸಡಿಲವಾಗಿದ್ದ ಹಿಡಿಕೆಯನ್ನು ಸೂಜಿಯಿಂದ ಒತ್ತಿ ಬಿಗಿಮಾಡಿದೆ. ಹಳೆಯ ವಾಲ್ವುಗಳು ಇಂದಿಗೂ ಚೆನ್ನಾಗಿ ಹಾಡುತ್ತಿವೆ. ತರಿಸಿದ ಜೋಡಿ ಕಪಾಟಿನಲ್ಲಿದೆ.

ಮಳೆಗಾಲದ ಸಂಜೆಗಳಲ್ಲಿ ವೋಲ್ಟೇಜಿನ ಕಾಟವೂ ಇದೆ. ಇಎಲ್ 84ರ ಮೊದಲಕ್ಷರ ‘ಇ’ ಸೂಚಿಸುವುದು ಅದರ ಕ್ಯಾಥೋಡನ್ನು ಕಾಯಿಸುವ ಹೀಟರಿಗೆ 6.3 ವೋಲ್ಟ್ ಬೇಕೆಂಬುದನ್ನು. ಮನೆಯ 230 ವೋಲ್ಟ್ 200ಕ್ಕೆ ಇಳಿದರೆ ಹೀಟರಿಗೆ ಸಿಗುವುದು 5.5 ಅಷ್ಟೇ, ಕ್ಯಾಥೋಡ್ ಸಾಕಷ್ಟು ಕಾಯುವುದಿಲ್ಲ. ಆದ್ದರಿಂದ ಒಂದು ಸ್ಟೆಬಿಲೈಸರ್ ಇಟ್ಟಿದ್ದೇನೆ. ಕೇಳುವುದಕ್ಕೆ ಏನೂ ಇಲ್ಲದ ದಿನವೂ ಜಡಿಮಳೆಯಲ್ಲಿ ಒಂದು ತಾಸು ಯಂತ್ರ ಉರಿಯುತ್ತದೆ, ಅದರ ಕಾವಿಗೆ ಸಾಕೆಟ್ಟಿನ ತೇವ ಆರಲೆಂದು. ಆಗಲೂ ಸ್ಪೀಕರಿನ ತಂತಿ ಮಾತ್ರ ಜೋಡಿಸಿಯೇ ಇರಬೇಕು. ಹೊರೆಯಿಲ್ಲದೆ ಸಂಕೇತ ಹರಿದರೆ ವೋಲ್ಟೇಜು ವಿಪರೀತ ಏರಿ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ನಡುವೆಯೇ ಕಿಡಿ ಹಾರೀತು.